ಅತ್ತೆಯ ಫ್ಲಾಸ್ಕು, ಮಂಜುಗಟ್ಟಿದ ಗಾಜು

ಹತ್ತೊಂಬತ್ತು ವರ್ಷಗಳಿಂದ ನಾನು ಮಸ್ಕತ್ತಿನಲ್ಲಿ ಏಸಿ ಮಾರುತ್ತಿದ್ದೇನೆ. ಮೊದಲು ಅಂಗಡಿಯಲ್ಲಿ ನಿಂತು ಮಾರುತ್ತಿದ್ದೆ, ಈಗ ಆಫೀಸಿನಲ್ಲಿ ಕುಳಿತು ದೊಡ್ಡ ಕಟ್ಟಡಗಳಿಗೆ ಮಾರುತ್ತೇನೆ. ಎಷ್ಟು ಅಗಲದ ಕೋಣೆಗೆ ಎಷ್ಟು ಟನ್ ಬೇಕು, ಪಡುವಣ ಗೋಡೆಯಿದ್ದರೆ ಎಷ್ಟು ಹೆಚ್ಚು ಬೇಕು, ಇದೆಲ್ಲ ನನ್ನ ನಾಲಿಗೆಯ ತುದಿಯಲ್ಲಿದೆ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ನನ್ನ ಕಣ್ಣು ಹೋಗುವುದು ಗೋಡೆಯ ಮೇಲಕ್ಕೆ. ಬಡಿಸುವವರು ಕೋಳಿ ಸಾರು ಹಿಡಿದು ನಿಂತಿದ್ದರೂ, "ನಿಮ್ಮ ಹಾಲಿಗೆ ಇದು ಸಾಲುವುದಿಲ್ಲ" ಎಂದು ಹೇಳದೆ ಉಣ್ಣಲು ಕೂತವನಲ್ಲ ನಾನು. ಇಂಥ ಮನುಷ್ಯನಿಗೆ ತಂಪಿನ ವಿಷಯದಲ್ಲಿ ತನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆ ಬೆಳೆಯುವುದು ಸಹಜ. ನನ್ನಲ್ಲಿ ಅದು ಚೆನ್ನಾಗಿಯೇ ಬೆಳೆದಿತ್ತು.

ಆ ವರ್ಷ ನನ್ನ ಅತ್ತೆ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಕಾರ್ಕಳದಿಂದ ನಮ್ಮ ಮನೆಗೆ ಬಂದಿದ್ದರು. ಅತ್ತೆಯೆಂದರೆ ಹೆಂಡತಿಯ ತಾಯಿ. ಇಪ್ಪತ್ತೆರಡು ವರ್ಷ ಒಂದು ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಅಡುಗೆ ಮಾಡಿ ಹಾಕಿದವರು. ಮಾತು ಕಡಿಮೆ. ನನ್ನ ಹತ್ತಿರವಂತೂ ಇನ್ನೂ ಕಡಿಮೆ. ಕಡಿಮೆಯೇನು, ಇಲ್ಲವೇ ಇಲ್ಲ. ಮದುವೆಯಾಗಿ ಹದಿನಾರು ವರ್ಷವಾದರೂ ಅವರು ನನಗೆ ಹೇಳಬೇಕಾದದ್ದನ್ನು ಮಗಳಿಗೇ ಹೇಳುತ್ತಿದ್ದರು. ಅದು ಕೋಪದಿಂದಲ್ಲ, ಅಳಿಯನ ಮೇಲಿನ ಹಳೇ ಕಾಲದ ಮರ್ಯಾದೆಯಿಂದ. ನಾನು ಎದುರಿಗೇ ಕೂತಿದ್ದರೂ, "ಅವರಿಗೆ ಇನ್ನೂ ಸ್ವಲ್ಪ ಸಾರು ಬೇಕಾ ಕೇಳು" ಎನ್ನುತ್ತಿದ್ದರು. ಹೆಂಡತಿ ಕೇಳುವ ಮೊದಲೇ ನಾನು "ಸಾಕು" ಎನ್ನುತ್ತಿದ್ದೆ. ಆಗ ಅವರು ಮಗಳಿಗೆ, "ಸಾಕಂತೆ" ಎನ್ನುತ್ತಿದ್ದರು. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರಿಗೆ ಏಸಿ ಆಗುತ್ತಿರಲಿಲ್ಲ. ಅಜೈಬಾದ ನಮ್ಮ ಫ್ಲಾಟಿನಲ್ಲಿ ನಾನು ಮುದ್ದಿನಿಂದ ಆರಿಸಿ ಹಾಕಿಸಿದ ಮೆಷಿನಿನ ಕೆಳಗೆ ಅವರು ಸ್ವೆಟರ್ ಹಾಕಿ, ತಲೆಗೆ ಟವೆಲ್ ಸುತ್ತಿ, ಬಿಸಿನೀರಿನ ಸ್ಟೀಲ್ ಫ್ಲಾಸ್ಕು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ದಿನವಿಡೀ ಬಿಸಿನೀರೇ ಕುಡಿಯುವುದು ಅವರ ಅಭ್ಯಾಸ. ನನ್ನ ವೃತ್ತಿಗೆ ಅದೊಂದು ಮೌನ ಟೀಕೆಯಂತೆ ನನಗೆ ಕಾಣುತ್ತಿತ್ತು.

ಅವರು ಊರಿಗೆ ಹೊರಡಲು ಒಂದು ವಾರವಿರುವಾಗ, ಕೆಳಗಿನ ಮಹಡಿಯ ಕೊಂಕಣಿ ಬಾಯಮ್ಮ ಬಂದು, ಜೆಬೆಲ್ ಶಮ್ಸ್ ಬೆಟ್ಟದಲ್ಲಿ ರಾತ್ರಿ ಬಕೆಟಿನ ನೀರು ಗಟ್ಟಿಯಾಗಿದೆಯಂತೆ, ಯಾರೋ ಫೋಟೋ ಕಳಿಸಿದ್ದಾರೆ ಎಂದು ಮೊಬೈಲ್ ತೋರಿಸಿದರು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಈ ಬಿಸಿಲಿನ ದೇಶದಲ್ಲಿ ಐಸಾ?" ಎಂದು ಮಗಳನ್ನು ಕೇಳಿದರು. "ಫ್ರಿಜ್ಜಿನಿಂದ ತೆಗೆದು ಇಟ್ಟದ್ದಿರಬೇಕು."

ಅಷ್ಟು ಸಾಕಾಯಿತು ನನಗೆ. ತಂಪಿನ ಬಗ್ಗೆ ನನ್ನ ಮನೆಯಲ್ಲೇ ಸಂಶಯವೇ! ಶುಕ್ರವಾರ ಬೆಟ್ಟ ಹತ್ತಿ, ಅಲ್ಲೇ ಉಳಿದು, ಶನಿವಾರ ಇಳಿದು ಬರುವುದೆಂದು ಅಲ್ಲೇ ತೀರ್ಮಾನಿಸಿದೆ.

"ಶನಿವಾರ ಸಂಜೆ ಅಮ್ಮನ ಫ್ಲೈಟು ಉಂಟು ಮಾರಾಯ್ರೆ" ಎಂದಳು ಹೆಂಡತಿ. "ಬಾಕ್ಸಿಗೆ ಹಗ್ಗ ಕಟ್ಟಿ ಆಗಲಿಲ್ಲ. ಖರ್ಜೂರ ಇನ್ನೂ ಹೊರಗೇ ಉಂಟು."

"ಬೆಳಿಗ್ಗೆ ಏಳಕ್ಕೆ ಯಲ್ಲಾ ಅಂತ ಹೊರಟರೆ ಹನ್ನೊಂದಕ್ಕೆ ಮನೆ. ಹಗ್ಗ ಕಟ್ಟಲಿಕ್ಕೆ ಎಷ್ಟು ಹೊತ್ತು ಬೇಕು?"

"ಮತ್ತೆ ಎಂತಾದರೂ ಆದರೆ?"

"ಎಂತ ಆಗ್ತದೆ?" ಎಂದೆ ನಾನು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನೇ ಇನ್ನೂರೈವತ್ತು ಕಿಲೋಮೀಟರ್ ಹೋದೆ ಎಂದು ಈಗ ಅನ್ನಿಸುತ್ತದೆ.

ಶುಕ್ರವಾರ ಮವಾಲೇಹ್ ಮಾರ್ಕೆಟಿನಲ್ಲಿ ಕಿತ್ತಳೆ, ಬಾಳೆಹಣ್ಣು ಕಟ್ಟಿಸಿಕೊಂಡು ನಾವು ನಾಲ್ವರು ಹೊರಟೆವು. ಸೊಂಟನೋವಿನ ಅತ್ತೆ ಮುಂದಿನ ಸೀಟಿನಲ್ಲಿ, ಹೆಂಡತಿ ಮತ್ತು ಒಂಬತ್ತನೆಯ ಕ್ಲಾಸಿನ ಮಗಳು ಹಿಂದೆ. ನಿಜ್ವಾ ದಾಟಿ, ಅಲ್ ಹಮ್ರಾ ದಾಟಿ, ಬೆಟ್ಟದ ತಿರುವುಗಳನ್ನು ಹತ್ತಿ, ಡಾಂಬರು ಮುಗಿದ ಮೇಲೆ ಕಲ್ಲುರಸ್ತೆಯಲ್ಲಿ ಧೂಳೆಬ್ಬಿಸಿ ಮೇಲೆ ಮುಟ್ಟುವಾಗ ಮೋಡ ಕವಿದು ಸಣ್ಣ ಹನಿ ಬೀಳುತ್ತಿತ್ತು. ಶಮ್ಸ್ ಎಂದರೆ ಅರಬ್ಬಿಯಲ್ಲಿ ಸೂರ್ಯ. ಸೂರ್ಯನ ಬೆಟ್ಟದಲ್ಲಿ ಸೂರ್ಯನ ಸುಳಿವಿರಲಿಲ್ಲ. ಬಾಗಿಲು ತೆರೆದದ್ದೇ ಗಾಳಿ ನನ್ನ ತೆಳು ಜಾಕೆಟಿನ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಟು ಹೋಯಿತು. ಉಳಿದ ಮೂವರೂ ದಪ್ಪ ಸ್ವೆಟರ್, ಮಫ್ಲರ್ ತಂದಿದ್ದರು. ನನಗೆ ಅದರ ಅಗತ್ಯವಿಲ್ಲವೆಂದು ನಾನು ಮನೆಯಲ್ಲೇ ಘೋಷಿಸಿಯಾಗಿತ್ತು.

ನಾವು ಉಳಿದುಕೊಂಡ ಕ್ಯಾಂಪಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕಲ್ಲಿನ ಕೋಣೆಗಳು. ಅದರ ಗೇಟಿನ ಪಕ್ಕ ಒಬ್ಬ ಒಮಾನಿ ಅಜ್ಜ ಆಡಿನ ಉಣ್ಣೆಯ ಕಂಬಳಿ, ಜಮಖಾನೆಗಳನ್ನು ಬಂಡೆಯ ಮೇಲೆ ಹರಡಿ ಮಾರುತ್ತಿದ್ದ. ಕೆಂಪು, ಕಪ್ಪು ಪಟ್ಟೆಗಳ ಒರಟು ನೇಯ್ಗೆ. ಬಿಳಿ ಗಡ್ಡ, ತಲೆಗೆ ಸುತ್ತಿದ ಮಸರ್, ಪಾದ ಮುಟ್ಟುವ ದಿಶ್‌ದಾಶಾದ ಮೇಲೊಂದು ಹಳೇ ಮಿಲಿಟರಿ ಕೋಟು. ನಾನು ಕಾರು ನಿಲ್ಲಿಸುತ್ತಿದ್ದಂತೆ ಅವನು ಒಂದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಹಳಬರಲ್ಲಿ ಅನೇಕರಿಗೆ ಬರುವ ಹಾಗೆ ಅವನಿಗೂ ನಮ್ಮ ಹಿಂದಿ ಸ್ವಲ್ಪ ಬರುತ್ತಿತ್ತು.

"ಸದೀಕ್, ರಾತ್ ಮೇ ಬಹುತ್ ಠಂಡಾ" ಎಂದು ಕಾರಿನ ಮುಂದಿನ ಗಾಜನ್ನು ಅಂಗೈಯಿಂದ ತಟ್ಟಿ ತೋರಿಸಿದ. "ಯೇ ಇದರ್ ಡಾಲೋ. ಸುಬಹ್ ಮುಶ್ಕಿಲ್ ನಹೀಂ."

ಗೆಳೆಯಾ, ರಾತ್ರಿ ತುಂಬ ಚಳಿ, ಗಾಜಿನ ಮೇಲೆ ಕಂಬಳಿ ಹೊದಿಸು, ಬೆಳಿಗ್ಗೆ ತೊಂದರೆಯಾಗುವುದಿಲ್ಲ ಎಂದು ಹೇಳುತ್ತಿದ್ದ. ನಾನು ನಕ್ಕೆ. ಮಾರುವವನ ಮಾತು ಮಾರುವವನಿಗೆ ಗೊತ್ತಾಗುವುದಿಲ್ಲವೇ? 'ಮಕ್ಕಳ ಕೋಣೆಗೂ ಒಂದು ಹಾಕಿಸಿಬಿಡಿ ಸರ್, ಆಮೇಲೆ ತೊಂದರೆಯಾಗುವುದಿಲ್ಲ' ಎಂದು ನಾನೇ ಸಾವಿರ ಸಲ ಹೇಳಿದ್ದೇನೆ.

"ಶುಕ್ರನ್, ಶುಕ್ರನ್" ಎಂದು ಕೈಮುಗಿದು ಅವನನ್ನು ದಾಟಿಸಿದೆ.

"ಪಾಪ, ಒಳ್ಳೆಯದಕ್ಕೇ ಹೇಳಿದ್ದೋ ಏನೋ" ಎಂದಳು ಹೆಂಡತಿ.

"ಕಾರಿಗೆ ಕಂಬಳಿಯಂತೆ! ನಾಳೆ ಟೈರಿಗೆ ಸಾಕ್ಸ್ ಮಾರ್ತಾನೆ ಅವ" ಎಂದೆ. ನನ್ನ ಹಾಸ್ಯಕ್ಕೆ ನಾನೊಬ್ಬನೇ ನಕ್ಕೆ.

ಆ ರಾತ್ರಿ ಕೋಣೆಯ ಹೀಟರಿನ ಕೆಪಾಸಿಟಿ ಏಕೆ ಸಾಲದು ಎಂದು ಮೂವರಿಗೂ ವಿವರಿಸಿದೆ. ವಿವರಿಸಿದ್ದರಿಂದ ಕೋಣೆ ಬೆಚ್ಚಗಾಗಲಿಲ್ಲ.

ಬೆಳಿಗ್ಗೆ ಆರೂಕಾಲಿಗೆ ಮಗಳು ಹೊರಗಿನಿಂದ ಕೂಗಿದಳು: "ಡ್ಯಾಡ್! ಕಮ್ ಆಂಡ್ ಸೀ ದ ಕಾರ್!"

ಹೊರಗೆ ಬಂದು ನೋಡಿದೆ. ಆಕಾಶ ತೊಳೆದಿಟ್ಟಂತೆ ತಿಳಿಯಾಗಿತ್ತು. ಬೆಳಕು ಹರಿದಿದ್ದರೂ ಸೂರ್ಯ ಇನ್ನೂ ಗುಡ್ಡದ ಆಚೆಗಿದ್ದ. ಹಿಂದಿನ ದಿನದ ಹನಿ ಮಳೆಯೆಲ್ಲ ಕಾರಿನ ಮೇಲೆ ಹಾಗೆಯೇ ಗಟ್ಟಿಯಾಗಿ, ಅದರ ಮೇಲೆ ಬಿಳಿ ಮಂಜಿನ ಪುಡಿ ಕೂತು, ಆರೂ ಗಾಜುಗಳು ಸುಣ್ಣ ಬಳಿದ ಗೋಡೆಗಳಾಗಿದ್ದವು. ಅತ್ತೆ ಶಾಲು ಹೊದ್ದು ಮೆಲ್ಲಗೆ ನಡೆದು ಬಂದರು. ಪಕ್ಕದ ಕಿಟಕಿಯ ಗಾಜನ್ನು ಉಗುರಿನಿಂದ ಕೆರೆದು, ಬೆರಳ ತುದಿಯಲ್ಲಿ ಬಂದ ಬಿಳಿ ಚೂರನ್ನು ನೋಡಿ, ನಾಲಿಗೆಗೆ ಮುಟ್ಟಿಸಿದರು. ನಾನು ಗೆದ್ದವನ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ.

"ಹೌದು, ಐಸೇ" ಎಂದರು ನನ್ನ ಹೆಂಡತಿಗೆ. ಮತ್ತೆ ಕಾರನ್ನು ಮೇಲೆ ಕೆಳಗೆ ನೋಡಿ, "ಇದರಲ್ಲಿ ಹೇಗೆ ಹೋಗುವುದಂತೆ ಕೇಳು" ಎಂದರು.

ನನ್ನ ಗೆಲುವು ಅಲ್ಲಿಗೆ ಮುಗಿಯಿತು.

"ಎರಡು ನಿಮಿಷದ ಕೆಲಸ" ಎಂದು ಒಳಗೆ ಕೂತು ಎಂಜಿನ್ ಚಾಲೂ ಮಾಡಿದೆ. ಏಸಿಯ ಗಾಳಿಯನ್ನು ಪೂರ್ತಿ ಜೋರು ಮಾಡಿ ಮುಂದಿನ ಗಾಜಿಗೆ ತಿರುಗಿಸಿದೆ. ಗಾಳಿ ಬಿಸಿಯಾಗಲಿ ಎಂದು ಕಾಯುತ್ತ ವೈಪರ್ ಹಾಕಿದೆ. ವೈಪರುಗಳು ಒಮ್ಮೆ ನರಳಿದವು, ಅಲುಗಲಿಲ್ಲ. ಇಳಿದು ಹೋಗಿ ಒಂದನ್ನು ಕೈಯಿಂದ ಎಳೆದೆ. ಕಡ್ಡಿ ಕೈಗೆ ಬಂತು, ರಬ್ಬರು ಗಾಜಿನ ಮೇಲೆ ಕಪ್ಪು ಹಾವಿನ ಮರಿಯಂತೆ ಅಂಟಿಕೊಂಡೇ ಉಳಿಯಿತು. ಗಾಜಿಗೆ ನೀರು ಚಿಮ್ಮಿಸುವ ಬಟನ್ ಒತ್ತಿದೆ. ಎಲ್ಲೋ ಬಾನೆಟ್ಟಿನ ಒಳಗೆ ಗುಂಯ್ ಎಂದಿತೇ ಹೊರತು ನೀರು ಬರಲಿಲ್ಲ, ಅದೂ ಗಟ್ಟಿಯಾಗಿತ್ತು.

ಬೆರಳುಗಳು ಮರಗಟ್ಟಿದವು. ಗ್ಲೌಸ್ ಇಲ್ಲ. ಮಗಳ ಬ್ಯಾಗಿನಿಂದ ಗುಲಾಬಿ ಬಣ್ಣದ ಎರಡು ಕಾಲುಚೀಲ ತೆಗೆದು ಕೈಗೆ ಹಾಕಿಕೊಂಡೆ. ಅವುಗಳ ಮೇಲೆ ಬೆಕ್ಕಿನ ಮುಖಗಳಿದ್ದವು. ಟೈರಿಗೆ ಸಾಕ್ಸ್ ಎಂದು ನಕ್ಕವನ ಕೈಗೇ ಸಾಕ್ಸ್ ಬಂತಲ್ಲ ಎಂದು ಹೆಂಡತಿ ಬಾಯಿಬಿಟ್ಟು ಹೇಳಲಿಲ್ಲ. ನೋಡಿದಳು, ಅಷ್ಟೆ.

ಇನ್ನು ಕೆರೆಯುವುದೊಂದೇ ದಾರಿ. ಕೆರೆಯಲು ಚಪ್ಪಟೆಯಾದ, ಗಟ್ಟಿಯಾದ ಏನಾದರೂ ಬೇಕು. ಪರ್ಸಿನಿಂದ ಒಂದು ಕಾರ್ಡ್ ತೆಗೆದು ಕೆರೆಯತೊಡಗಿದೆ. ಬರ್ರ್, ಬರ್ರ್ ಎಂದು ಬಿಳಿ ಪುಡಿ ಹಾರಿತು. ಹೂಂ, ಆಗುತ್ತಿದೆ! ಹುರುಪಿನಿಂದ ಬಲಹಾಕಿ ಒತ್ತಿದೆ. ಟಪ್ ಎಂದಿತು. ಕಾಲುಚೀಲದ ಕೈಗೆ ಸ್ಪರ್ಶವೇ ತಿಳಿಯದ್ದರಿಂದ, ಯಾವ ಕಾರ್ಡ್ ತೆಗೆದಿದ್ದೇನೆಂದು ಆಗಲೇ ನೋಡಿದ್ದು. ರೆಸಿಡೆಂಟ್ ಕಾರ್ಡ್. ಈ ದೇಶದಲ್ಲಿ ನಾನು ಇರಬಹುದು ಎಂದು ಹೇಳುವ ಏಕೈಕ ಪ್ಲಾಸ್ಟಿಕ್. ಫೋಟೋದಲ್ಲಿನ ನನ್ನ ಮೂಗಿನ ಮೇಲೆ ಸರಿಯಾಗಿ ಎರಡು ತುಂಡಾಗಿತ್ತು.

"ಎಂತ ಸದ್ದು ಅದು?" ಎಂದಳು ಹೆಂಡತಿ.

"ಎಂತ ಇಲ್ಲ" ಎಂದು ಎರಡೂ ತುಂಡುಗಳನ್ನು ಕಿಸೆಗೆ ಹಾಕಿಕೊಂಡೆ.

ಏಳು ಗಂಟೆಗೆ ಹತ್ತು ನಿಮಿಷ. ಮುಂದಿನ ಗಾಜಿನ ಮಂಜಿನಲ್ಲಿ ಅಂಗೈಯಗಲದ ಒಂದು ತೂತು ಬಿದ್ದಿತ್ತು, ಅದೂ ಅತ್ತೆಯ ಸೀಟಿನ ಎದುರಿಗೆ. ಹಿಂದಿನ ಸಂಜೆಯ ಕಂಬಳಿ ಅಜ್ಜ ಅಷ್ಟರಲ್ಲಿ ಗೇಟಿನ ಆಚೆ ತನ್ನ ಹಳೇ ಪಿಕಪ್ಪಿನ ಹತ್ತಿರ ಬಂದಿದ್ದ. ಅದರ ಮುಂದಿನ ಗಾಜಿನ ಮೇಲೆ ಪಟ್ಟೆ ಪಟ್ಟೆಯ ಒಂದು ಜಮಖಾನೆ ಹೊದಿಸಿತ್ತು. ಅವನು ಅದರ ಒಂದು ತುದಿ ಹಿಡಿದು ಎಳೆದ. ಕೆಳಗೆ ಗಾಜು ನಿರ್ಮಲವಾಗಿ ಹೊಳೆಯಿತು. ಅವನು ಜಮಖಾನೆಯನ್ನು ಎರಡು ಸಲ ಕೊಡವಿ, ಮಡಚಿ, ನನ್ನ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು "ಸಬಾಹ್ ಅಲ್ ಖೈರ್" ಎಂದ. ನಾನು ಬೆಕ್ಕಿನ ಮುಖದ ಕೈಯೆತ್ತಿ ಶುಭೋದಯಕ್ಕೆ ಉತ್ತರಿಸಿದೆ.

ಬಹುಶಃ ಆ ಅವಮಾನವೇ ಮುಂದಿನದಕ್ಕೆ ಕಾರಣ. ಅವನ ಹತ್ತಿರ ಹೋಗಿ ಏನು ಮಾಡಬೇಕೆಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಬದಲು ನಾನು ಸುತ್ತ ನೋಡಿದೆ; ಅತ್ತೆಯ ಮಡಿಲಿನ ಫ್ಲಾಸ್ಕು ಕಣ್ಣಿಗೆ ಬಿತ್ತು. ಕ್ಯಾಂಪಿನ ಅಡುಗೆಮನೆಯಿಂದ ಆಗಷ್ಟೇ ಕುದಿಯುವ ನೀರು ತುಂಬಿಸಿ ತಂದು, ಮೆಟ್ಟಿಲ ಮೇಲೆ ಕೂತಿದ್ದರು.

"ಅದನ್ನು ಕೊಡಲಿಕ್ಕೆ ಹೇಳು" ಎಂದೆ ಹೆಂಡತಿಗೆ. ಆ ಮನೆಯ ರೂಢಿ ನನಗೂ ಅಂಟಿತ್ತು.

ಅತ್ತೆ ಫ್ಲಾಸ್ಕನ್ನು ಎದೆಗೊತ್ತಿ ಹಿಡಿದರು. "ಎಂತಕ್ಕಂತೆ?"

"ಗಾಜಿಗೆ ಹೊಯ್ಯಲಿಕ್ಕೆ."

"ಬೊಡ್ಚಿ!" ಎಂದರು ಅತ್ತೆ. ಬೇಡ ಎನ್ನುವ ಆ ತುಳು ಶಬ್ದವನ್ನು ಅವರು ಹಾಗೆ ಎತ್ತಿದ ಸ್ವರದಲ್ಲಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಗಳ ಕಡೆ ತಿರುಗಿ, "ಅವರಿಗೆ ಹೇಳು. ಉಪ್ಪಿನಕಾಯಿಯ ಗಾಜಿನ ಭರಣಿಗೆ ಯಾರಾದರೂ ಬಿಸಿ ಉಪ್ಪುನೀರು ಹೊಯ್ತಾರಾ? ಕುದಿಸಿ, ಆರಿಸಿ, ಮತ್ತೆ ಅಲ್ವಾ ಹೊಯ್ಯುವುದು? ಇಲ್ಲದಿದ್ದರೆ ಭರಣಿ ಬಿರಿಯುತ್ತದೆ. ಇದೂ ಗಾಜೇ ಅಲ್ವಾ?" ಎಂದರು.

ಹೆಂಡತಿ ನನ್ನ ಮುಖ ನೋಡಿದಳು. ಅವಳು ತರ್ಜುಮೆ ಮಾಡಬೇಕಾದದ್ದೇನೂ ಇರಲಿಲ್ಲ.

ಇಲ್ಲಿ ನಾನು ಒಂದು ಸಣ್ಣ ಭಾಷಣ ಮಾಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಭರಣಿಯ ಗಾಜು ಬೇರೆ, ಕಾರಿನ ಗಾಜು ಬೇರೆ ಎಂದೆ. ಕಾರಿನದು ಎರಡು ಪದರ, ನಡುವೆ ಪ್ಲಾಸ್ಟಿಕ್ ಎಂದೆ. ಮಸ್ಕತ್ತಿನ ಜೂನ್ ತಿಂಗಳಲ್ಲಿ ಇದೇ ಗಾಜು ಬಾಣಲೆಯ ಹಾಗೆ ಕಾಯುತ್ತದೆ, ಆಗ ಒಡೆಯುತ್ತದೆಯೇ ಎಂದು ಕೇಳಿದೆ. ಶಾಖ, ಶೀತ, ಇದು ನನ್ನ ದಿನನಿತ್ಯದ ಕೆಲಸ ಎಂದೆ. ಒಬ್ಬ ಮನುಷ್ಯ ಗುಲಾಬಿ ಕಾಲುಚೀಲ ಹಾಕಿದ ಕೈಗಳನ್ನು ಬೀಸುತ್ತ, ಮೂಗು ಸೋರುತ್ತಿರುವಾಗ, ಮೂವರು ಹೆಂಗಸರಿಗೆ ಶಾಖದ ಪಾಠ ಮಾಡುತ್ತಿದ್ದ. ಮಗಳು ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದಳು.

"ಡ್ಯಾಡ್, ಪ್ಲೀಸ್ ಡೋಂಟ್" ಎಂದಳು, ವಿಡಿಯೋ ನಿಲ್ಲಿಸದೆ.

ಅತ್ತೆ ನಿಧಾನವಾಗಿ ಫ್ಲಾಸ್ಕು ಕೊಟ್ಟರು. ಅಳಿಯ ಕೇಳಿದ್ದನ್ನು ಇಲ್ಲವೆನ್ನುವವರಲ್ಲ ಅವರು.

ನಾನು ಮುಚ್ಚಳ ತಿರುಗಿಸಿ, ಡ್ರೈವರ್ ಕಡೆಯ ಮೇಲಿನ ಮೂಲೆಯಿಂದ ಧಾರೆಯಾಗಿ ಹೊಯ್ದೆ. ಹೊಗೆಯಂತೆ ಹಬೆಯೆದ್ದಿತು. ಮಂಜು ಸರ್ರನೆ ಕರಗಿ ಗಾಜು ಕಪ್ಪಗೆ ಕಂಡಿತು. "ನೋಡಿ!" ಎಂದು ತಿರುಗಿದೆ. ವಿಡಿಯೋದಲ್ಲಿ ನನ್ನ ಆ ನಗು ಸ್ಪಷ್ಟವಾಗಿ ಬಂದಿದೆ. ನಗು ಮುಖದಲ್ಲಿರುವಾಗಲೇ ಹಿಂದಿನಿಂದ 'ಟಣ್' ಎಂದಿತು. ದೊಡ್ಡ ಸದ್ದೇನಲ್ಲ, ಲೋಟಕ್ಕೆ ಚಮಚ ತಾಗಿದಂತೆ. ನೀರು ಬಿದ್ದ ಮೂಲೆಯಿಂದ ಒಂದು ಗೆರೆ ಹೊರಟು, ಸ್ವಲ್ಪ ನಿಂತು ಯೋಚಿಸಿ, ಗಾಜಿನ ಅಡ್ಡಕ್ಕೆ ಓಡಿ, ಅತ್ತೆಯ ಸೀಟಿನ ಎದುರಿಗೆ ಎರಡಾಗಿ ಕವಲೊಡೆಯಿತು.

ಎಲ್ಲೋ ಒಂದು ಆಡು ಅರಚಿತು.

ಕಂಬಳಿ ಅಜ್ಜ ಗೇಟಿನಿಂದ ಓಡಿಯೇ ಬಂದ. ಗಾಜು ನೋಡಿದ, ಫ್ಲಾಸ್ಕು ನೋಡಿದ, ನನ್ನ ಕೈ ನೋಡಿದ. "ಲಾ, ಲಾ, ಲಾ" ಎಂದು ತಲೆಯಾಡಿಸಿದ. ಆಮೇಲೆ ಮೂಡಣದ ಗುಡ್ಡದ ಕಡೆ ಬೆರಳು ತೋರಿಸಿ, "ಅಬೀ ಶಮ್ಸ್ ಆತಾ ಹೈ. ಪಾಂಚ್ ಮಿನಿಟ್. ಬರಫ್ ಖಲಾಸ್!" ಎಂದ.

ಸೂರ್ಯ ಐದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಗುಡ್ಡದ ಅಂಚಿನಲ್ಲಿ ಚುರುಕು ಬೆಳಕು ಚಿಮ್ಮಿ, ನೇರ ನಮ್ಮ ಕಾರಿನ ಮೇಲೆ ಬಿತ್ತು. ನಾವು ನೋಡುತ್ತಿದ್ದಂತೆಯೇ ಪಕ್ಕದ ಗಾಜುಗಳ ಮಂಜು ಬೆವರತೊಡಗಿತು, ಜಾರಿತು, ತೊಟ್ಟಿಕ್ಕಿತು. ಕಾಲು ಗಂಟೆಯಲ್ಲಿ ಕಾರು ತೊಳೆದಿಟ್ಟ ಹಾಗೆ ನಿಂತಿತ್ತು. ನಾನು ಕೈಯಿಟ್ಟ ಒಂದು ಗಾಜನ್ನು ಬಿಟ್ಟು ಉಳಿದ ಐದೂ ಕ್ಷೇಮವಾಗಿದ್ದವು.

ಅದೂ ಸಾಲದೆಂಬಂತೆ ಮಗಳು ಕಾರಿನೊಳಗೆ ಬಗ್ಗಿ ನೋಡಿ ಕೇಳಿದಳು: "ಡ್ಯಾಡ್, ವೈ ಈಸ್ ದಿಸ್ ಆನ್ ಬ್ಲೂ?"

ಏಸಿಯ ಗುಂಡಿ ನೀಲಿಯ ತುದಿಯಲ್ಲಿತ್ತು. ಮಸ್ಕತ್ತಿಗೆ ಬಂದ ಮೇಲೆ ಅದನ್ನು ಕೆಂಪಿನ ಕಡೆಗೆ ತಿರುಗಿಸುವ ಪ್ರಸಂಗ ನನಗೆ ಬಂದಿರಲಿಲ್ಲ. ಕೆಂಪು ಬಣ್ಣ ಚಂದಕ್ಕೆ ಇರುವುದೆಂದೇ ನನ್ನ ಕೈ ತಿಳಿದಿತ್ತು. ಅರ್ಧ ಗಂಟೆಯಿಂದ ನಾನು ಹೆಪ್ಪುಗಟ್ಟಿದ ಗಾಜಿಗೆ ಒಳಗಿನಿಂದ ಅತ್ಯುತ್ತಮ ತಂಪುಗಾಳಿಯನ್ನು ಬೀಸುತ್ತಿದ್ದೆ. ಗುಂಡಿಯನ್ನು ಬಲಕ್ಕೆ ತಿರುಗಿಸಿದ್ದರೆ ಕೆಲಸ ಮುಗಿಯುತ್ತಿತ್ತು.

ಹೆಂಡತಿಗೆ ಆಗ ನಗು ತಡೆಯಲಾಗಲಿಲ್ಲ. ಅವಳು ಕೋಪಿಸಿಕೊಂಡಿದ್ದಳು, ಅಮ್ಮನ ಫ್ಲೈಟಿನ ಭಯವೂ ಇತ್ತು, ಆದರೂ ಕಾರಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜನಿಗೆ ವಿಷಯ ಅರ್ಥವಾಗದಿದ್ದರೂ ಮರ್ಯಾದೆಗೆ ಅವನೂ ನಕ್ಕ. ನನಗೆ ನಗು ಬರಲಿಲ್ಲ. ಆ ಒಡಕು ಗಾಜಿನ ಎದುರು ಒಬ್ಬ ವಯಸ್ಸಾದ ಹೆಂಗಸನ್ನು ಕೂರಿಸಿಕೊಂಡು ಈ ಬೆಟ್ಟ ಇಳಿಯಬೇಕಲ್ಲ ಎಂದು ಯೋಚಿಸುತ್ತಿದ್ದೆ.

ಅಜ್ಜ ಪಿಕಪ್ಪಿನಿಂದ ಅಗಲವಾದ ಅಂಟು ಟೇಪು ತಂದು, ಒಡಕಿನ ಉದ್ದಕ್ಕೂ ಗಾಜಿನ ಹೊರಗಿನಿಂದ ಅಂಟಿಸಿದ. ಹೀಟರ್ ಹಾಕಬೇಡ, ಏಸಿ ಹಾಕಬೇಡ, ಕಿಟಕಿ ಸ್ವಲ್ಪ ತೆರೆದಿಡು, ಶ್ವೈ ಶ್ವೈ, ನಿಧಾನ ಹೋಗು ಎಂದ. ಕಿತ್ತುಹೋದ ವೈಪರ್ ರಬ್ಬರನ್ನು ತಾನೇ ಎತ್ತಿ ನನ್ನ ಕೈಗಿಟ್ಟ. ಸಂಜೆ ಅತ್ತೆಯ ಫ್ಲೈಟಿದೆ ಎಂದು ಹೇಳಿ, ನಾನು ಅವನ ಹತ್ತಿರ ಒಂದು ಕಂಬಳಿ ಕೊಳ್ಳಲು ಹೋದರೆ, ಇವತ್ತು ಬೇಡ, ಅಮ್ಮನನ್ನು ವಿಮಾನಕ್ಕೆ ಮುಟ್ಟಿಸು, ಮುಂದಿನ ಚಳಿಗಾಲಕ್ಕೆ ಬಾ ಎಂದು ಕಳಿಸಿಬಿಟ್ಟ. ಮಾರುವವನ ಮಾತು ನನಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆನಲ್ಲ, ಅದೂ ಸುಳ್ಳಾಯಿತು.

"ಅಮ್ಮಾ, ನೀನು ಹಿಂದೆ ಕೂತುಕೋ" ಎಂದಳು ಹೆಂಡತಿ.

ಅತ್ತೆ ಒಪ್ಪಲಿಲ್ಲ. ಹಿಂದೆ ಕೂತರೆ ತಿರುವಿನಲ್ಲಿ ವಾಂತಿಯಾಗುತ್ತದೆ ಎಂದರು. ಮೊದಲಿನ ಸೀಟಿನಲ್ಲೇ ಕೂತು, ಖಾಲಿ ಫ್ಲಾಸ್ಕನ್ನು ಕಾಲಬುಡದಲ್ಲಿಟ್ಟು, ಶಾಲನ್ನು ಮುಖದ ತನಕ ಹೊದ್ದುಕೊಂಡರು. ಕಲ್ಲುರಸ್ತೆಯಲ್ಲಿ ಕಾರು ಕುಲುಕಿದಾಗೆಲ್ಲ ಗೆರೆ ಒಂದೊಂದು ನೂಲಿನಷ್ಟು ಮುಂದೆ ಹೋದಂತೆ ನನಗೆ ಕಾಣುತ್ತಿತ್ತು. ಪ್ರತಿ ಹೊಂಡಕ್ಕೂ ನಾನು ಬ್ರೇಕ್ ಒತ್ತುತ್ತಿದ್ದೆ. ಮರುಕ್ಷಣ ಗಡಿಯಾರ ನೋಡಿ ಆಕ್ಸಿಲರೇಟರ್ ಒತ್ತುತ್ತಿದ್ದೆ.

ಮೂರನೆಯ ತಿರುವಿನಲ್ಲಿ ಪಕ್ಕದಿಂದ ಒಂದು ಸ್ವರ ಬಂತು.

"ನಿಧಾನ ಹೋಗಿ. ಫ್ಲೈಟು ತಪ್ಪಿದರೆ ತಪ್ಪಿತು. ಊರು ಎಲ್ಲಿಗೂ ಓಡಿ ಹೋಗುವುದಿಲ್ಲ."

ನಾನು ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. 'ಅವರಿಗೆ ಹೇಳು' ಎಂಬುದು ಆ ಮಾತಿನಲ್ಲಿರಲಿಲ್ಲ. ಹದಿನಾರು ವರ್ಷದಲ್ಲಿ ಅತ್ತೆ ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ಆಯ್ತು" ಎಂದೆ. ನನ್ನ ಸ್ವರ ಶಾಲೆಯ ಹುಡುಗನದಾಗಿತ್ತು. ಮುಂದಿನ ತಿರುವು ದಾಟಿ, "ನೀವು ಹೇಳಿದ್ದನ್ನು ಕೇಳಬೇಕಿತ್ತು" ಎಂದೂ ಹೇಳಿದೆ.

"ಕೇಳಿದ್ದರೆ ಒಳ್ಳೆಯದಿತ್ತು" ಎಂದರು ಅತ್ತೆ. ಸಮಾಧಾನಪಡಿಸುವ ಗೋಜಿಗೆ ಹೋಗಲಿಲ್ಲ. ಆಮೇಲೆ ಅಲ್ ಹಮ್ರಾದ ಖರ್ಜೂರದ ತೋಟಗಳು ಕಾಣುವ ತನಕ ಅವರೇ ಮಾತಾಡಿದರು. ಶಾಲೆಯಲ್ಲಿ ಮೊದಲ ವರ್ಷ ತಾನು ಮುನ್ನೂರು ಮಕ್ಕಳ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಹೆಡ್ ಮಾಸ್ಟರು ಒಂದು ಮಾತನ್ನೂ ಆಡದೆ ತಟ್ಟೆ ಖಾಲಿ ಮಾಡಿದ್ದು, ಅವರು ಬೈಯದೇ ಹೋದದ್ದಕ್ಕೆ ತನಗೆ ಎರಡು ದಿನ ನಿದ್ದೆ ಬಾರದೇ ಹೋದದ್ದು. "ಅದಕ್ಕೇ ನಾನು ಬೈಯಬೇಕಾದಲ್ಲಿ ಬೈಯುತ್ತೇನೆ" ಎಂದರು. "ನಿಮಗೆ ಇನ್ನೂ ಬೈಯಲಿಲ್ಲ. ರಸ್ತೆ ಸರಿಯಾಗಲಿ."

ನಿಜ್ವಾ ಹೆದ್ದಾರಿಗೆ ಬಂದ ಮೇಲೆ ಚೆನ್ನಾಗಿಯೇ ಬೈದರು. ತಿಳಿಯದ್ದನ್ನು ತಿಳಿದ ಹಾಗೆ ಮಾತಾಡುವುದು, ಇನ್ನೊಬ್ಬರ ಮಾತನ್ನು ಅರ್ಧಕ್ಕೆ ಕಡಿಯುವುದು, ಊಟದ ಮನೆಯಲ್ಲಿ ಏಸಿಯ ಸುದ್ದಿ ತೆಗೆಯುವುದು. ಹದಿನಾರು ವರ್ಷದ ಸಂಗ್ರಹ ಅದು, ಒಂದೂ ಕಳೆದುಹೋಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರೂ ನಿದ್ದೆ ಬಂದ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ಇಬ್ಬರೂ ನಿದ್ರಿಸಿರಲಿಲ್ಲ. ವಿಚಿತ್ರವೆಂದರೆ ನನಗೆ ಬೇಸರವಾಗಲಿಲ್ಲ. ಹೊರಗಿನವನ ಮರ್ಯಾದೆಯಿಂದ ಮನೆಯವನ ಬೈಗುಳಕ್ಕೆ ನನಗೆ ಬಡ್ತಿ ಸಿಕ್ಕಿದಂತೆ ಅನ್ನಿಸಿತು.

ಮನೆ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಬಾಕ್ಸಿಗೆ ಹಗ್ಗ ನಾನೇ ಕಟ್ಟಿದೆ, ಅತ್ತೆ ಬಿಚ್ಚಿ ಪುನಃ ಕಟ್ಟಿದರು. ಟ್ಯಾಕ್ಸಿಯಲ್ಲಿ ಏರ್‌ಪೋರ್ಟಿಗೆ ಹೋದೆವು. ಕೌಂಟರು ಮುಚ್ಚಲು ಇನ್ನು ಹತ್ತು ನಿಮಿಷವಿತ್ತು. ಒಳಗೆ ಹೋಗುವ ಮೊದಲು ಅತ್ತೆ ತಿರುಗಿ, "ಐಸು ಚಂದ ಇತ್ತು" ಎಂದು ನನಗೇ ಹೇಳಿದರು.

ಅವರು ಮಂಗಳೂರಿನಲ್ಲಿ ಇಳಿಯುವ ಮೊದಲೇ ವಿಡಿಯೋ ಅಲ್ಲಿ ಇಳಿದಿತ್ತು. ಮಗಳು ಅದನ್ನು ಕುಟುಂಬದ ಗ್ರೂಪಿಗೆ ಹಾಕಿದ್ದಳು. ಅಲ್ಲಿಂದ ಅದು ಬಹರೇನಿನ ಷಡ್ಡಕನಿಗೆ, ಅವನಿಂದ ಸಲಾಲಾದ ಗೆಳೆಯನಿಗೆ, ಅವನಿಂದ ನಮ್ಮ ಆಫೀಸಿಗೆ ಬಂತು. ಭಾನುವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಯಾರೋ ಒಂದು ಫ್ಲಾಸ್ಕು ಮತ್ತು ಎರಡು ಕಾಲುಚೀಲ ಇಟ್ಟಿದ್ದರು.

ಕಾರ್ಡಿನ ಕೆಲಸಕ್ಕೆ ಸರಕಾರಿ ಕಚೇರಿಗೆ ಹೋದೆ. ಹೇಗೆ ಮುರಿಯಿತು ಎಂದು ಕೌಂಟರಿನ ಯುವತಿ ಸೌಮ್ಯವಾಗಿ ಕೇಳಿದಳು. ಕಾರಿನ ಮಂಜುಗಡ್ಡೆ ಕೆರೆಯುವಾಗ ಎಂದೆ. ಹೊರಗೆ ಬಿಸಿಲು ಮೂವತ್ತು ಡಿಗ್ರಿಯ ಹತ್ತಿರವಿತ್ತು. ಅವಳು ಕಿಟಕಿಯ ಹೊರಗೆ ನೋಡಿ, ನನ್ನನ್ನು ನೋಡಿ, ಎರಡು ತುಂಡುಗಳನ್ನು ಜೋಡಿಸಿ ಅದರ ಮೂಗನ್ನೂ ನನ್ನ ಮೂಗನ್ನೂ ಹೋಲಿಸಿ ನೋಡಿ, ಏನೋ ಬರೆದುಕೊಂಡಳು. ಏನು ಬರೆದಳೆಂದು ಕೇಳುವ ಧೈರ್ಯವಾಗಲಿಲ್ಲ.

ಗಾಜು ಬದಲಾಯಿಸುವ ಗ್ಯಾರೇಜಿನಲ್ಲಿ ಮಾತ್ರ ನಾನು ಬುದ್ಧಿವಂತನಾಗಲು ಹೋದೆ. ಅಲ್ಲಿದ್ದವನು ಪೇಶಾವರದ ಕಡೆಯ ಒಬ್ಬ ಪಠಾಣ. ಎದುರಿನ ಲಾರಿಯಿಂದ ಕಲ್ಲು ಹಾರಿತು ಎಂದೆ. ಅವನು ಒಡಕಿನ ಮೇಲೆ ಬೆರಳಾಡಿಸಿದ. ಕಲ್ಲು ತಾಗಿದ ಗುರುತು ಹುಡುಕಿದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಗ್ಗಿ, "ಭಾಯ್ ಸಾಬ್, ಗರಮ್ ಪಾನೀ?" ಎಂದ.

ನಾನು ಹೌದೆಂದು ತಲೆಯಾಡಿಸಿದೆ.

"ಈ ವಾರ ಜೆಬೆಲ್ ಶಮ್ಸಿನಿಂದ ಬಂದವರಲ್ಲಿ ನೀವು ಮೂರನೆಯವರು" ಎಂದ ಅವನು ಹಿಂದಿಯಲ್ಲಿ, ಹೊಸ ಗಾಜಿನ ಕಾಗದ ಹರಿಯುತ್ತ.

ಮನೆಗೆ ಬಂದವನೇ ಹೆಂಡತಿಗೆ ಈ ಸುದ್ದಿ ಹೇಳಿದೆ. ಜಗತ್ತಿನಲ್ಲಿ ನಾನೊಬ್ಬನೇ ಅಲ್ಲ, ಇನ್ನೂ ಇಬ್ಬರಿದ್ದಾರೆ, ಅದೂ ಒಂದೇ ವಾರದಲ್ಲಿ ಎಂದೆ. ಅವಳು ಅಕ್ಕಿ ತೊಳೆಯುತ್ತಿದ್ದಳು.

"ಆ ಇಬ್ಬರಿಗೂ ಬೇಡ ಅಂತ ಹೇಳಲಿಕ್ಕೆ ಯಾರಾದರೂ ಇದ್ದರಾ?" ಎಂದು ಕೇಳಿದಳು.

ಅದನ್ನು ನಾನು ಪಠಾಣನ ಹತ್ತಿರ ವಿಚಾರಿಸಿರಲಿಲ್ಲ.